ಉಪ್ಪಿನ ಸೊಳೆಯ ಭರಣಿ

ಬೆಳ್ತಂಗಡಿಯ ಶಾಲೆಯಲ್ಲಿ ಎರಡು ವರ್ಷ ಹಂಗಾಮಿ ಮಾಸ್ಟ್ರಾಗಿ ದುಡಿದ ಮೇಲೆ, ಐವತ್ತರ ದಶಕದ ಕೊನೆಗೆ, ನನ್ನನ್ನು ಖಾಯಂ ಮಾಡುವ ಕಾಗದ ಬಂತು. ಮೂರು ತಿಂಗಳೊಳಗೆ ಡಾಕ್ಟರ ಸರ್ಟಿಫಿಕೇಟು ಒಪ್ಪಿಸಬೇಕಿತ್ತು. ಇಲ್ಲದಿದ್ದರೆ ಪಟ್ಟಿಯಲ್ಲಿ ನನ್ನ ಹಿಂದಿದ್ದ ಮೂಡುಬಿದಿರೆಯವನಿಗೆ ಆ ಕೆಲಸ. ನನಗೆ ಇಪ್ಪತ್ತನಾಲ್ಕು ವರ್ಷ, ನೆಗಡಿ ಬಿಟ್ಟರೆ ಬೇರೆ ಕಾಯಿಲೆ ಕಂಡವನಲ್ಲ. ಪೇಟೆಯ ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದರು, ಪಾದರಸ ನೋಡಿದರು, ಪುನಃ ತುಂಬಿದರು. ಮೂರನೆಯ ಸಲಕ್ಕೆ ನನಗೆ ರೇಗಿತು. ನನ್ನ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ.

“ಪ್ರೆಶರ್ ಜಾಸ್ತಿ ಉಂಟು ಮಾಸ್ಟ್ರೇ. ಈಗ ಸಹಿ ಹಾಕ್ಲಿಕ್ಕೆ ಆಗುದಿಲ್ಲ” ಎಂದರು.

ಮುದುಕರ ಕಾಯಿಲೆ ನನಗೆ ಹೇಗೆ ಬರುತ್ತದೆ ಎಂದು ವಾದಕ್ಕೆ ನಿಂತೆ. ಈ ವಾದವೂ ಪಾದರಸ ಏರಿಸುತ್ತದೆ ಎಂದು ಅವರು ನಕ್ಕರು. ಮಾತ್ರೆ ಆಮೇಲೆ ನೋಡುವ, ಮೊದಲು ಕಾಲಿಗೆ ಕೆಲಸ ಕೊಟ್ಟು ನಾಲಿಗೆಗೆ ರಜೆ ಕೊಡಿ ಎಂದರು. ಅಂದರೆ ದಿನಾ ನಡೆಯಬೇಕು, ಬೀಡಿ ಬಿಡಬೇಕು, ಉಪ್ಪು ಇಳಿಸಬೇಕು.

ಮಡಂತ್ಯಾರು ರಸ್ತೆಯ ಬದಿಯ ನಮ್ಮ ಮನೆಯಿಂದ ಶಾಲೆಗೆ ನಾಲ್ಕು ಮೈಲು. ಬಸ್ಸು ಬಿಟ್ಟು ಕೊಡೆ ಹಿಡಿದು ಹೊರಟೆ. ಮೊದಲ ವಾರ ಹಿಮ್ಮಡಿಯೆಲ್ಲ ಬೊಬ್ಬೆ. ಬಸ್ಸಿನ ಕಂಡಕ್ಟರ್ ನನ್ನ ಪಕ್ಕದಲ್ಲಿ ನಿಧಾನ ಮಾಡಿಸಿ, ಮಾಸ್ಟ್ರಿಗೆ ಹರಕೆ ಉಂಟಾ ಎಂದು ಕೇಳುವನು. ಬೀಡಿಯ ನೆನಪಾದಾಗೆಲ್ಲ ಇನ್ನಷ್ಟು ಬೀಸುಹೆಜ್ಜೆ ಹಾಕುತ್ತಿದ್ದೆ. ಮನೆಯಲ್ಲಿ ಇದ್ದದ್ದು ಅಮ್ಮ ಮತ್ತು ನಾನು. ಉಪ್ಪಿಲ್ಲದ ಗಂಜಿಯನ್ನು ಉಪ್ಪಿನಕಾಯಿಯೂ ಇಲ್ಲದೆ ನಾನು ಉಣ್ಣುವುದನ್ನು ಅವಳು ತನಗಾದ ಅವಮಾನವೆಂಬಂತೆ ನೋಡುತ್ತಿದ್ದಳು.

ತಿಂಗಳು ಕಳೆದು ಡಾಕ್ಟರ ಹತ್ತಿರ ಹೋದರೆ ಪಾದರಸ ಅಲ್ಲೇ ಇತ್ತು. ನನಗೆ ಅಳು ಬರುವಷ್ಟು ಸಿಟ್ಟು. ಏನೇನು ತಿನ್ನುತ್ತೀರಿ ಎಂದು ಡಾಕ್ಟರು ಕೇಳಿದರು. ಸಪ್ಪೆ ಗಂಜಿ, ಉಪ್ಪಿನಕಾಯಿ ಇಲ್ಲ, ಒಣಮೀನು ಇಲ್ಲ ಎಂದು ಜಂಬದಿಂದ ಒಪ್ಪಿಸಿದೆ. ಪಲ್ಯ ಎಂಥದ್ದು ಎಂದರು. ಉಪ್ಪಿನ ಸೊಳೆಯದ್ದು ಎಂದೆ.

ಅವರು ಪೆನ್ನು ಕೆಳಗಿಟ್ಟರು. “ನೀರಲ್ಲಿ ಹಾಕಿ ಹಿಂಡಿದ್ರೆ ಉಪ್ಪೆಲ್ಲ ಹೋಗ್ತದೆ ಅಂತ ಲೆಕ್ಕವಾ ಮಾರಾಯ್ರೆ?”

ಹೌದು, ಅದೇ ಲೆಕ್ಕ. ಬೇಸಿಗೆಯಲ್ಲಿ ಹಲಸಿನ ಸೊಳೆಯನ್ನು ಭರಣಿಯಲ್ಲಿ ಉಪ್ಪಿನೊಡನೆ ತುಂಬಿಟ್ಟರೆ ಮಳೆಗಾಲವಿಡೀ ನಮ್ಮ ಮನೆಯ ಪಲ್ಯವೂ ಅದೇ, ರೊಟ್ಟಿಯೂ ಅದೇ. ಒಂದು ದಿನ ನೀರಲ್ಲಿ ನೆನೆಸಿ ಹಿಂಡಿದರೆ ಅದು ಮರದಿಂದ ಆಗ ಇಳಿಸಿದ ಹಲಸೇ ಎಂದು ಅಮ್ಮ ನಂಬಿದ್ದಳು. ನಾನೂ ನಂಬಿದ್ದೆ. ವಿಜ್ಞಾನದ ಪಾಠ ಹೇಳುವವನು ನಾನೇ ಎಂಬುದನ್ನು ಡಾಕ್ಟರಿಗೆ ತಿಳಿಸಲಿಲ್ಲ.

ವಿಷಯ ಹೇಳಿದ ಮೇಲೆ ಅಮ್ಮ ಎರಡು ದಿನ ಮಾತು ಬಿಟ್ಟಳು. ಅವಳ ಮಳೆಗಾಲದ ಅಡುಗೆಯೆಲ್ಲ ಆ ಭರಣಿಯಲ್ಲಿತ್ತು. ಮೂರನೆಯ ದಿನ ಅದರ ಬಾಯಿಗೆ ಬಟ್ಟೆ ಬಿಗಿದು, ಬೇಲಿ ಬದಿಯಿಂದ ತಗತೆ ಸೊಪ್ಪು ಕೊಯ್ದು ತಂದಳು. ಅಂದಿನಿಂದ ಸೊಪ್ಪು, ಕೆಸು, ಬಸಳೆ. ಸಂಜೆಯೂ ನಡೆದೇ ಬರತೊಡಗಿದೆ. ಸೊಂಟದ ಪಟ್ಟಿ ಎರಡು ತೂತು ಒಳಗೆ ಹೋಯಿತು. ದಾರಿಯಲ್ಲಿ ಸಿಗುವ ಗುರುವಾಯನಕೆರೆಯ ಏರಿನಲ್ಲಿ ಉಸಿರು ಕಟ್ಟುವುದು ನಿಂತಿತು.

ಅವಧಿ ಮುಗಿಯುವ ವಾರ ಅಮ್ಮ ತಾನೂ ಬರುತ್ತೇನೆಂದು ಗಂಟೊಂದನ್ನು ಹೊತ್ತು ಬಸ್ಸು ಹತ್ತಿದಳು. ನಾನು ನಡೆದೇ ಹೋದೆ. ಡಾಕ್ಟರು ನನ್ನನ್ನು ಬೆಂಚಿನಲ್ಲಿ ಅರ್ಧ ಗಂಟೆ ಕೂರಿಸಿ ಆಮೇಲೆ ಪಟ್ಟಿ ಸುತ್ತಿದರು. ಒಮ್ಮೆ ನೋಡಿದರು, ಇನ್ನೊಮ್ಮೆ ನೋಡಿದರು, ಪೆನ್ನು ತೆಗೆದು ಸಹಿ ಹಾಕಿದರು. ನನಗೆ ಕುಣಿಯಬೇಕೆನ್ನಿಸಿತು.

ಅಮ್ಮ ಗಂಟು ಬಿಚ್ಚಿ ಭರಣಿಯನ್ನು ಅವರ ಮೇಜಿನ ಮೇಲಿಟ್ಟಳು.

“ಇವನಿಗೆ ಬೇಡ ಅಂದ್ರಲ್ಲ, ನೀವಾದ್ರೂ ತಿನ್ನಿ. ನೀರು ಎರಡು ಸಲ ಬದಲಿಸ್ಬೇಕು” ಎಂದು ತುಳುವಿನಲ್ಲಿ ಹೇಳಿದಳು. ಡಾಕ್ಟರು ಎದ್ದು ನಿಂತು ಎರಡೂ ಕೈಯಲ್ಲಿ ತೆಗೆದುಕೊಂಡರು.

ಜನ ತುಂಬದೆ ಬಸ್ಸು ಹೊರಡುವುದಿಲ್ಲ, ಇನ್ನೂ ಒಂದು ಗಂಟೆಯಾದರೂ ಆಗಬಹುದು ಎಂದು ಕಂಡಕ್ಟರ್ ಹೇಳಿದ. ಅಮ್ಮನನ್ನು ಅದರಲ್ಲಿ ಕೂರಿಸಿ ನಾನು ಗದ್ದೆಯ ಬದುವಿನ ಮೇಲಿನ ಹತ್ತಿರದ ಒಳದಾರಿ ಹಿಡಿದೆ. ಅವಳು ನಮ್ಮ ನಿಲ್ದಾಣದಲ್ಲಿ ಇಳಿದಾಗ ನಾನು ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತಿದ್ದೆ. ಅವಳು ಹತ್ತಿರ ಬಂದು ನನ್ನ ಎದೆಯ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತಳು. ಕಿಸೆಯ ಸರ್ಟಿಫಿಕೇಟು ಅವಳ ಕೈಯಡಿ ಸರಬರ ಎಂದಿತು. ನನಗೆ ಏದುಸಿರು ಇರಲಿಲ್ಲ.

“ಇನ್ನು ನಾನೂ ನಡೀತೇನೆ” ಎಂದಳು ಅಮ್ಮ.