ಗುಡ್ಡ ಏರಿದ ಬೀಡಿಯ ಮೊರ

ನಾವು ಮೂವರು ಗೆಳತಿಯರು ಏಳನೇ ತರಗತಿ ಮುಗಿಸಿದ ಆ ಕಾಲಕ್ಕೆ, ನಿಪ್ಪಾಣಿ ಸೀಮೆಯ ನಮ್ಮ ಊರಿನಲ್ಲಿ ಮನೆಗಳನ್ನು ವಾಸನೆಯಿಂದಲೇ ಗುರುತಿಸಬಹುದಿತ್ತು. ಮಂಗಲಳ ಮನೆಗೆ ಕಬ್ಬಿನ ಒಣಗರಿಯ, ಅಂದರೆ ರವದಿಯ ವಾಸನೆ, ಗುಮಾಸ್ತರಾಗಿದ್ದ ನನ್ನ ತಂದೆಯ ಮನೆಗೆ ಇಸ್ತ್ರಿ ಬಟ್ಟೆಯ ವಾಸನೆ, ಸುಜಾತಾಳ ಮನೆಗೆ ತಂಬಾಕಿನದು. ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ಗೋಡೆಯ ಮೇಲಿನ ಬುದ್ಧನ ಚಿತ್ರದ ಕೆಳಗೆ ಸುಜಾತಾ ಮತ್ತು ಅವಳ ತಾಯಿ ತೊಡೆಯ ಮೇಲೆ ಮೊರವಿಟ್ಟುಕೊಂಡು ಬೀಡಿ ಸುತ್ತುತ್ತಿದ್ದರು. ನಕಾಶೆ ಬಿಡಿಸುವುದರಲ್ಲಿ ಶಾಲೆಯಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಎಲೆ ಕತ್ತರಿಸಿ ಪಳಗಿದ ಕೈ.

ಅವಳನ್ನು ಎಂಟನೇ ತರಗತಿಗೆ ಕಳಿಸಲು ತಾಯಿ ಒಂದು ಷರತ್ತು ಹಾಕಿದ್ದಳು.

"ಸೂಟಿ ಮುಗಿಯೂತನಕ ಒಂದ್ ದಿನಾನೂ ಛಾಟ್ ಬರಬಾರ್ದು ನೋಡು. ಸಾಲಿ ಕಲ್ಕೋತ ಬೀಡಿನೂ ಮಾಡ್ತೀ ಅಂತ ನನಗ ಖಾತ್ರಿ ಆಗಬೇಕು."

ಛಾಟ್ ಎಂದರೆ ತಪಾಸಣೆಯಲ್ಲಿ ತಿರಸ್ಕೃತವಾದ ಬೀಡಿ. ಛಾಟ್ ಬಂದ ಮನೆಗೆ ಬೀಡಿ ಗುತ್ತಿಗೆ ಹಿಡಿದ ಮುಕಾದಮ ಮರುದಿನದಿಂದಲೇ ಎಲೆ, ತಂಬಾಕು ಕಡಿಮೆ ಕೊಡುತ್ತಿದ್ದ. ಇಡೀ ಬೇಸಿಗೆ ಸುಜಾತಾ ಒಂದೂ ಛಾಟ್ ಬರಗೊಡಲಿಲ್ಲ. ಶಾಲೆ ತೆರೆಯಲು ಮೂರು ದಿನ ಉಳಿದಿತ್ತು.

ಊರ ಕೆರೆಯ ಬೆನ್ನಿಗೆ ಮೂರು ಗುಡ್ಡಗಳು ಒಂದಕ್ಕೊಂದು ಹೆಗಲು ಕೊಟ್ಟು ನಿಂತಿವೆ. ಅವುಗಳ ನೆತ್ತಿಯ ಮೇಲೆಯೇ ಈ ತುದಿಯಿಂದ ಆ ತುದಿಗೆ ನಡೆದವರು ದೊಡ್ಡವರಾದಂತೆ ಎಂದು ನಾವು ಮಕ್ಕಳು ನಂಬಿದ್ದೆವು. ಹುಡುಗರು ನಡೆದು ಬಂದು ನಮ್ಮನ್ನು ಹಂಗಿಸಿದ್ದರು. ಆ ಭಾನುವಾರ ಮಂಗಲ ಮತ್ತು ನಾನು ಸುಜಾತಾಳ ಬಾಗಿಲಿಗೆ ಹೋದೆವು. ಅವಳ ತಾಯಿ ತವರಿಗೆ ಹೋಗಿದ್ದಳು.

"ನಾ ಬರೂದಿಲ್ಲ ಬೇ. ಎಲಿ ಕತ್ತರಿಸಿಟ್ಟೀನಿ, ಇವತ್ತ ಸುತ್ತಬೇಕು," ಎಂದಳು ಸುಜಾತಾ.

"ಮೊರಾನೂ ಕರಕೊಂಡ್ ನಡಿ. ಪಾಪ, ಅದೂ ಒಮ್ಮೆ ಗುಡ್ಡಾ ನೋಡ್ಲಿ," ಎಂದಳು ಮಂಗಲ. "ಮೂರೂ ಮಂದಿ ಕೂಡಿ ಸುತ್ತೂಣಂತ."

"ನಿಮಗೇನ್ ಬರ್ತೈತಿ?"

"ನಂದೇನ್ ಕೈಯೋ, ಎಮ್ಮಿ ಕಾಲೋ?"

ಎಲೆಗಳ ಮೇಲೆ ಒದ್ದೆ ಬಟ್ಟೆ ಹೊದಿಸಿ, ಮೊರವನ್ನು ಸರದಿಯ ಮೇಲೆ ತಲೆಗೇರಿಸಿಕೊಂಡು ಹತ್ತಿದೆವು. ಮೊದಲ ಗುಡ್ಡದ ಇಳಿಜಾರಿನ ಮುಳ್ಳುಪೊದೆಗಳಲ್ಲಿ ಕವಳಿ ಹಣ್ಣು ಕಪ್ಪಗೆ ಮಾಗಿತ್ತು. "ಕೋಂಬಡಾ ಕೀ ಕೋಂಬಡಿ?" ಎಂದು ಮರಾಠಿಯಲ್ಲಿ ಕೂಗಿ, ಊಹೆ ಹೇಳಿ ಹಣ್ಣು ಕಚ್ಚುವ ಆಟ ನಮ್ಮದು, ಒಳಗೆ ಕೆಂಪಿದ್ದರೆ ಹುಂಜ, ಬೆಳ್ಳಗಿದ್ದರೆ ಕೋಳಿ. ಸುಜಾತಾ ಒಮ್ಮೆಯೂ ಸೋಲಲಿಲ್ಲ. ಎರಡನೆಯ ಗುಡ್ಡದ ಮೇಲಿನ ಒಂಟಿ ಬೇವಿನ ಕೆಳಗೆ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದೆವು. ಕೆಳಗೆ ಅರೆ ಬತ್ತಿದ ಕೆರೆ ಹಾಸಿದ ತಗಡಿನಂತೆ ಹೊಳೆಯುತ್ತಿತ್ತು.

ಉಂಡ ಮೇಲೆ ಸುತ್ತಲು ಕುಳಿತೆವು. ಮಂಗಲಳ ಮೊದಲ ಬೀಡಿ ಹೆಬ್ಬೆರಳಿನಷ್ಟು ದಪ್ಪವಾಯಿತು. "ಇದು ಗೌಡ್ರು ಸೇದೂ ಬೀಡಿ," ಎಂದಳು. ಸುಜಾತಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವಳು ಅರ್ಧಕ್ಕೂ ಹೆಚ್ಚು ಸುತ್ತಿ ಮುಗಿಸಿದಾಗ ನಾನೇ ಹೇಳಿದೆ: "ನೀ ಮೂರನೇ ಗುಡ್ಡದ ತುದಿ ನೋಡಿ ಬಾ. ಉಳಿದದ್ದು ನಾವು ಮಾಡ್ತೀವಿ."

ಅವಳು ತನ್ನ ಬರಿಗೈಗಳನ್ನು ಒಮ್ಮೆ ನೋಡಿಕೊಂಡಳು. "ಅರಬಿ ತಗೀಬ್ಯಾಡ್ರಿ ಬೇ, ಗಾಳಿಗೆ ಎಲಿ ಒಣಗ್ತೈತಿ," ಎಂದು ಕೂಗುತ್ತಲೇ, ಎರಡೂ ತೋಳು ಚಾಚಿ ನೆತ್ತಿಯ ಮೇಲೆ ಓಡಿದಳು.

ನಾವು ಎಲೆಯ ಮೇಲಿನ ಒದ್ದೆ ಬಟ್ಟೆ ತೆಗೆದೆವು. ಮತ್ತೆ ಹೊದಿಸುವುದನ್ನು ಮರೆತೆವು. ಎಲೆ ಗರಿಗರಿಯಾಗಿ, ಸುತ್ತಿದ ಬೀಡಿಗಳು ಸೀಳತೊಡಗಿದವು. ಆಗ ನಾವು ಮಾಡಿದ್ದನ್ನು ಮರೆಮಾಚದೆ ಬರೆಯಬೇಕು: ಸೀಳಿದ ಬೀಡಿಗಳನ್ನು ನಡುವೆ ತುರುಕಿ, ಸುತ್ತಲೂ ಸುಜಾತಾ ಮಾಡಿದ ಚಂದದ ಬೀಡಿಗಳನ್ನಿಟ್ಟು ಕಟ್ಟು ಕಟ್ಟಿದೆವು. ಅವಳ ಸಂತೋಷ ಕೆಡಬಾರದೆಂದು ಅಂದುಕೊಂಡೆವು. ಓಡಿ ದಣಿದು ಬಂದವಳು ಕಟ್ಟುಗಳನ್ನು ಕಂಡು, "ಶಾಣ್ಯಾರಾದ್ರಿ!" ಎಂದಳು. ನಂತರ ಮೂವರೂ ಮೂರನೆಯ ಗುಡ್ಡ ದಾಟಿ, ಕೆರೆಯ ಏರಿಗೆ ಇಳಿದು ಊರು ಸೇರಿದೆವು.

ಸಂಜೆ ಸುಜಾತಾಳ ಜೊತೆ ನಾವೂ ಮುಕಾದಮನ ಪಡಸಾಲೆಗೆ ಹೋದೆವು. ಅವನು ಮೊದಲ ಕಟ್ಟನ್ನು ಹಿಚುಕಿ ನೋಡಿ ಬಿಚ್ಚಿದ. ಎರಡನೆಯದನ್ನೂ ಬಿಚ್ಚಿದ.

"ಹೊರಗ ಚಂದ, ಒಳಗ ಒಡಕು. ಮೋಸ ಮಾಡೂದು ಯಾವಾಗ ಕಲ್ತಿ ಸುಜೀ?"

"ಇಲ್ರಿ ಮಾಮಾ, ನಾ ಅಲ್ರಿ..."

"ನೀ ಅಲ್ಲಂದ್ರ ಮತ್ತ್ಯಾರು?"

ಅವಳು ನಮ್ಮ ಕಡೆ ತಿರುಗಿದಳು. ನಾನು ಬೀಡಿ ಮುಟ್ಟಿದ್ದು ಗೊತ್ತಾದರೆ ನನ್ನ ತಂದೆ ಹೊಡೆಯುತ್ತಿದ್ದರು. ಯಾರ ಮನೆಯ ಬೀಡಿ ಎಂದು ಕೇಳಿ ಇನ್ನಷ್ಟು ಹೊಡೆಯುತ್ತಿದ್ದರು. ನಾನು ಕಾಲ ಬೆರಳು ನೋಡುತ್ತ ನಿಂತೆ. ಮಂಗಲಳ ಬಾಯಿಯೂ ಬಿಗಿದಿತ್ತು. ಸುಜಾತಾ ನಮ್ಮ ಹೆಸರು ಹೇಳಲಿಲ್ಲ. ಆ ದಿನದ ಅಷ್ಟೂ ಕಟ್ಟುಗಳನ್ನು ಮುಕಾದಮ ಛಾಟ್ ಎಂದು ಬದಿಗೆ ಎಸೆದ. ಅವಳು ಖಾಲಿ ಮೊರ ಹಿಡಿದು ಹೋದ ಮೇಲೆ, ಅವನ ಆಳು ಅವೇ ಕಟ್ಟುಗಳಲ್ಲಿನ ಒಡಕಷ್ಟನ್ನು ಆರಿಸಿ ಚೆಲ್ಲಿ, ಒಳ್ಳೆಯ ಬೀಡಿಗಳನ್ನೆಲ್ಲ ಉಳಿದವರ ಮಾಲಿನ ಚೀಲಕ್ಕೆ ಸುರಿದ. ನಾನು ನೋಡಿದೆ. ಆಗಲೂ ಸುಮ್ಮನಿದ್ದೆ.

ಎಂಟನೇ ತರಗತಿಯಲ್ಲಿ ನಮ್ಮ ಬೆಂಚಿಗೆ ಮೂರನೆಯವಳು ಬರಲಿಲ್ಲ.

ವಿಶ್ವವಿದ್ಯಾಲಯ ಕಲಿಸಿದ ಭಾಷೆಯಲ್ಲಿ ಇಂದು ಕೇಳುತ್ತಿದ್ದೇನೆ. ತಿರಸ್ಕೃತವಾದ ಬೀಡಿ ಯಾವ ನ್ಯಾಯದಿಂದ ಅದೇ ಚೀಲ ಸೇರಿತು? ಹದಿಮೂರರ ಹುಡುಗಿಯೊಬ್ಬಳ ವರ್ಗಾವಣೆ ಪತ್ರ ಯಾರೂ ಒಯ್ಯದೆ ಶಾಲೆಯ ಕಪಾಟಿನಲ್ಲಿ ಉಳಿದಾಗ, ಅವಳ ಮನೆಯ ಬಾಗಿಲು ತಟ್ಟಬೇಕಾದವರು ಯಾರು? ಜೀಪಿನಲ್ಲಿ ಬಂದ ಕಾರ್ಮಿಕ ಇಲಾಖೆಯ ತಪಾಸಣಾಧಿಕಾರಿ ಅದೇ ಪಡಸಾಲೆಯಲ್ಲಿ ಚಹಾ ಕುಡಿದು ಹೋದದ್ದನ್ನು ಊರೇ ಕಂಡಿತ್ತು, ಊರೇಕೆ ಕೇಳಲಿಲ್ಲ? ಉತ್ತರಿಸಬೇಕಾದವರ ಸಾಲಿನಲ್ಲಿ ನಾನೂ ನಿಂತಿದ್ದೇನೆ. ಆದರೆ ಆ ಸಾಲನ್ನು ವಿಚಾರಣೆಗೆ ಕರೆಯುವವರು ಇಂದಿಗೂ ಯಾರೂ ಇಲ್ಲ.

ಬಾಲ್ಯದ ಗುಡ್ಡಗಳು ಹಾಳಾದವೆಂದು ಮರುಗುವವರನ್ನು ಬಲ್ಲೆ. ನಮ್ಮ ಗುಡ್ಡಕ್ಕೆ ಏನೂ ಆಗಿಲ್ಲ. ಕೆರೆಯಿದೆ, ಬೇವಿದೆ, ಕವಳಿ ಹಣ್ಣು ಈಗಲೂ ಮಾಗುತ್ತದೆ. ಹತ್ತು ವರ್ಷಗಳ ನಂತರ ಎಂ.ಎ. ಮುಗಿಸಿ ಊರಿಗೆ ಹೋದಾಗ, ಸುಜಾತಾ ಅದೇ ಹೊಸ್ತಿಲ ಬಳಿ ಮೊರವಿಟ್ಟುಕೊಂಡು ಕುಳಿತಿದ್ದಳು. ಉಗುರುಗಳು ಸವೆದು ಹೋಗಿದ್ದವು. ಮಾತಿನ ನಡುವೆ ಕೆಮ್ಮು.

"ಅವತ್ತ ನಾ ಬಾಯಿ ಬಿಡಬೇಕಿತ್ತು ಸುಜೀ," ಎಂದೆ.

ಅವಳ ಬೆರಳು ನಿಲ್ಲಲಿಲ್ಲ. "ಬಿಟ್ಟಿದ್ರ ಅಂವಾ ಮರುದಿನ ಬ್ಯಾರೇ ನೆವಾ ತಗೀತಿದ್ದ. ಖರೇ, ಆ ಒಂದ್ ದಿನಾರ ನಾ ಕಳ್ಳಿ ಆಗ್ತಿರಲಿಲ್ಲ ಬೇ."

ಏನಾದರೂ ಹೇಳಬೇಕೆಂದು, "ಗುಡ್ಡಕ್ಕ ಹೋಗೂಣ ಬಾ, ಮೂರನೇದರ ತುದಿಗೆ," ಎಂದೆ.

ಅವಳು ಒದ್ದೆ ಬಟ್ಟೆಯನ್ನು ಎಲೆಗಳ ಮೇಲೆ ಎಳೆದುಕೊಂಡಳು.

"ಬ್ಯಾಡ. ಗಾಳಿಗೆ ಎಲಿ ಒಣಗ್ತೈತಿ."