ಚೆಂಡು ಹೇಳ್ತದ

ಶಹಾಬಾದಿನ ನಮ್ಮ ಕಾಲೇಜಿನ ಆಟದ ಮಾಸ್ತರರು ಫುಟ್‌ಬಾಲ್ ತಂಡಕ್ಕೆ ಹೊಸಬರನ್ನು ಆರಿಸುವಾಗ ಹುಡುಗರನ್ನು ನೋಡುತ್ತಲೇ ಇರಲಿಲ್ಲ, ಚೆಂಡನ್ನು ನೋಡುತ್ತಿದ್ದರು. ಪಕ್ಕದಲ್ಲಿ ನೆಲಕ್ಕೆ ಹಾಸುವ ಪರ್ಸಿ ಕಲ್ಲಿಗೆ ಪಾಲಿಶ್ ಹಾಕುವವರಿಂದ ಒಂದು ಪುಟ್ಟಿ ತುಂಬ ಕೆಸರಿನಂಥ ಬಿಳಿ ರಾಡಿ ತರಿಸಿ, ಅದರಲ್ಲಿ ಹುಡುಗರ ಬರಿಗಾಲು ಅದ್ದಿಸಿ ಒದೆಸುವರು. ಆಮೇಲೆ ಒಂದು ಕಣ್ಣು ಮುಚ್ಚಿ ಚೆಂಡಿನ ಮೇಲಿನ ಗುರುತು ಓದುವರು. ಯಾರಾದರೂ ವಾದಿಸಿದರೆ ಒಂದೇ ಮಾತು: “ನೀ ಸುಮ್ಕಿರು. ಚೆಂಡು ಹೇಳ್ತದ.”

ತಂಡ ಸೇರಿದರೆ ರೈಲಿನಲ್ಲಿ ಕೂಗಾಡುತ್ತ ವಾಡಿಗೆ ಹೋಗಿ ಆಡಬಹುದಿತ್ತು. ನನಗೆ ಅದು ಬೇಕೇ ಬೇಕಿತ್ತು. ಜೀವ ಬಿಟ್ಟು ಒದ್ದೆ. ಚೆಂಡು ಇದ್ದಲ್ಲೇ ಇತ್ತು, ನಾನು ಅಂಗಾತ ಬಿದ್ದಿದ್ದೆ.

ಮಾಸ್ತರರು ಕಲೆಯಿಲ್ಲದ ಚೆಂಡನ್ನು ಸುತ್ತ ತಿರುಗಿಸಿದರು. “ಇದು ನಿನ್ನ ಹೆಸರೇ ಕೇಳಿಲ್ಲಂತಪಾ” ಎಂದು ನೀರು ಕುಡಿಯಲು ಹೋದರು.

ನಾಚಿಕೆ ಮುಚ್ಚಿಕೊಳ್ಳಲು ನಾನು ಮಾಸ್ತರರೇ ಆದೆ. ಅವರು ಒದ್ದು ತೋರಿಸುವಾಗ ಮಾಡುವಂತೆ ಹೊಟ್ಟೆ ಮುಂದೆ ದೂಡಿ, ಕೈ ಹಿಂದೆ ಕಟ್ಟಿ, “ಚೆಂಡು ಹೇಳ್ತದ!” ಎಂದು ಕಾಲು ಬೀಸಿದೆ. ಚೆಂಡು ನೇರ ಗೋಲಿನೊಳಗೆ! ನಗುತ್ತಿದ್ದ ಹುಡುಗರು ಥಟ್ಟನೆ ನನ್ನ ಬೆನ್ನ ಹಿಂದೆ ನೋಡತೊಡಗಿದರು. ಮಾಸ್ತರರು ನನ್ನ ಹಿಂದೆಯೇ ನಿಂತಿದ್ದರು.

ಚೆಂಡು ತರಿಸಿ ಗುರುತು ನೋಡಿದರು. “ಇದು ಯಾರ ಕಾಲು ಲೇ?”

“ನಿಮ್ದೇರಿ ಸರ್.”

“ಹೌದು ನೋಡು, ನಂದೇ ಅದ.” ನಗು ತಡೆಯಲಾಗದೆ ಅವರ ಹೊಟ್ಟೆ ಕುಣಿಯತೊಡಗಿತು. “ತಗೊಂಡೀನಿ. ಆದ್ರ ವಾಡಿನಾಗ ನೀ ಆಡಬ್ಯಾಡ, ನನ್ನೇ ಆಡಸು.”

ವಾಡಿಯಲ್ಲಿ ಇಡೀ ಆಟ ನಾನು ಇಲ್ಲದ ಹೊಟ್ಟೆಯನ್ನು ಮುಂದೆ ದೂಡಿಕೊಂಡೇ ಓಡಿದೆ.