ಒಳಗಿನ ಚಿಲಕ

೧೯೪೧, ಜೂನ್ ೧೮, ಬುಧವಾರ. ಬೆಳಗಿನ ಆರೂ ನಲವತ್ತು.

ಮೇಜಿನ ಮೇಲೆ ಹನ್ನೆರಡು ಹಿತ್ತಾಳೆಯ ಚಿಲಕಗಳಿವೆ. ನಿನ್ನೆ ಸಂಜೆ ಕೊಂಡದ್ದು. ಹೊಸ ಹಿತ್ತಾಳೆಗೆ ಸವರಿದ ಎಣ್ಣೆಯ ವಾಸನೆ ಕೋಣೆಯನ್ನೆಲ್ಲ ತುಂಬಿಕೊಂಡು, ಈಗ ಕುಡಿದ ಚಹಾಕ್ಕೂ ಅದೇ ರುಚಿ ಬಂದಿತ್ತು. ಇವತ್ತಿನ ಟಪಾಲಿಗೆ ಇವು ಬೆಳಗಾವಿಗೆ ಹೋಗಬೇಕು. ಕಟ್ಟುವ ಮೊದಲು ಒಂದೊಂದನ್ನೂ ಸರಿಸಿ ನೋಡಿದೆ. ಹನ್ನೊಂದು ಸಲೀಸಾಗಿ ಓಡಿದವು, ಒಂದು ಮಾತ್ರ ತಕರಾರು ತೆಗೆಯಿತು. ಚಿಲಕ ಖಟ್ ಎಂದು ಕೂತಾಗ ಬರುವ ಸದ್ದಿದೆಯಲ್ಲ, ಅದು ಕಿವಿಗೆ ಬಿದ್ದರೆ ಏಳು ವರ್ಷದ ಹಿಂದೆ ಪುಣೆಯ ನಮ್ಮ ಕಾಲೇಜಿನ ಹಿಂಬದಿಗೆ ಕಟ್ಟಿದ ಒಂದು ಪುಟ್ಟ ಕೋಣೆ ನನ್ನ ಕಣ್ಣೆದುರು ಬರುತ್ತದೆ. ಆ ಕೋಣೆಯ ವಿಷಯವಾಗಿ ನನ್ನಷ್ಟು ಬರೆದಿಟ್ಟವರು ಬೇರೆ ಯಾರೂ ಇರಲಾರರು. ಆದರೆ ಅದರೊಳಗೆ ನಾನು ಒಮ್ಮೆಯೂ ಕಾಲಿಟ್ಟಿಲ್ಲ, ಇಡುವಂತೆಯೂ ಇಲ್ಲ.

ನನಗೆ ದಿನಚರಿ ಬರೆಯುವ ಚಟ. ಎಣಿಸುವ ಚಟ ಅದಕ್ಕಿಂತ ಹಳೆಯದು. ರಸಾಯನಶಾಸ್ತ್ರದ ಪ್ರೊಫೆಸರರು ಒಂದು ತಾಸಿನಲ್ಲಿ ಎಷ್ಟು ಸಲ ಕನ್ನಡಕ ತೆಗೆದು ಒರೆಸಿದರು, ನದಿಯ ಸೇತುವೆಯ ಮೇಲೆ ಎಷ್ಟು ಸೈಕಲ್ಲುಗಳು ಎದುರಾದವು, ಎಲ್ಲಕ್ಕೂ ನನ್ನಲ್ಲಿ ಲೆಕ್ಕವಿತ್ತು. ಅದರಿಂದ ಯಾರಿಗೂ ಮೂರು ಕಾಸಿನ ಉಪಯೋಗವಿರಲಿಲ್ಲ. ಸದಾಶಿವ ಪೇಠೆಯಲ್ಲಿ ಹತ್ತಾರು ಬಿಡಾರಗಳಿದ್ದ ನಮ್ಮ ವಾಡೆಯ ಹುಡುಗರು ನನ್ನನ್ನು, ಊರ ಲೆಕ್ಕ ಬರೆಯುವವನೆಂಬಂತೆ, 'ಕುಲಕರ್ಣಿ' ಎಂದು ಕರೆಯುತ್ತಿದ್ದರು. ನಮ್ಮ ಮನೆತನದ ಹೆಸರು ಬೇರೆಯೇ.

ಅದೇ ವಾಡೆಯ ಕೆಳಗಿನ ಎರಡು ಕೋಣೆಗಳಲ್ಲಿ ಗದಗಿನ ಕಡೆಯ ಒಬ್ಬ ಟಪಾಲು ಗುಮಾಸ್ತರಿದ್ದರು. ಅವರ ಹೆಂಡತಿಯನ್ನು ನಾವೆಲ್ಲ ಕಾಕು ಎನ್ನುತ್ತಿದ್ದೆವು. ಗುಮಾಸ್ತರ ತಂಗಿಯ ಮಗಳು ಚಂದ್ರಕ್ಕ ಗೋಕಾಕದಿಂದ ಬಂದು ಅವರಲ್ಲಿದ್ದುಕೊಂಡು ಕಾಲೇಜಿಗೆ ಹೋಗುತ್ತಿದ್ದಳು. ನಮ್ಮ ವಿಜ್ಞಾನದ ತರಗತಿಯಲ್ಲಿ ಅವಳೊಬ್ಬಳೇ ಹುಡುಗಿ. ಅವಳ ಅಪ್ಪ ಒಂದು ಷರತ್ತು ಹಾಕಿ ಕಳಿಸಿದ್ದರು: ಒಂದು ವರ್ಷ ಕೆಟ್ಟರೂ ಸಾಕು, ಊರಿಗೆ ಮರಳಬೇಕು, ಗೊತ್ತು ಮಾಡಿಟ್ಟ ವರನಿಗೆ ಕೊರಳೊಡ್ಡಬೇಕು. ಇದನ್ನು ಚಂದ್ರಕ್ಕ ಯಾರಿಗೂ ಹೇಳಿರಲಿಲ್ಲ. ಕಾಕು ಎಲ್ಲರಿಗೂ ಹೇಳಿದ್ದರು.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅವಳ ಗೈರುಹಾಜರಿ ಮಾತಿಗೆ ವಸ್ತುವಾಯಿತು. ಪ್ರಾಕ್ಟಿಕಲ್ಲು ಮಧ್ಯಾಹ್ನ ಒಂದಕ್ಕೆ ಶುರುವಾಗುತ್ತಿತ್ತು. ಒಂದೂ ಐದಕ್ಕೆ ಪ್ರಯೋಗಶಾಲೆಯ ಬಾಗಿಲು ಮುಚ್ಚಿಬಿಡುತ್ತಿದ್ದರು. ಚಂದ್ರಕ್ಕನ ಹೆಸರು ಕೂಗಿದಾಗ ಉತ್ತರವಿರುತ್ತಿರಲಿಲ್ಲ. ಹೆಂಗಸರಿಗೆ ಆ್ಯಸಿಡ್ಡಿನ ವಾಸನೆ ಆಗುವುದಿಲ್ಲ ಎಂದು ಪ್ರೊಫೆಸರರು ತೀರ್ಮಾನಿಸಿದ್ದರು. ಒಂದು ದಿನ ಮಾತ್ರ ಅವಳು ಹಟ ಹಿಡಿದು ಉಳಿದುಕೊಂಡಳು. ಮೂರು ಗಂಟೆಗೆ ಮೇಜಿನ ಪಕ್ಕದಲ್ಲೇ ಕುಸಿದುಬಿದ್ದಳು. ಅಲ್ಲಿಗೆ ಪ್ರೊಫೆಸರರ ತೀರ್ಮಾನಕ್ಕೆ ಸಾಕ್ಷಿಯೂ ಸಿಕ್ಕಂತಾಯಿತು.

ನನ್ನ ಲೆಕ್ಕ ಬೇರೆಯದನ್ನು ಹೇಳುತ್ತಿತ್ತು. ಬೆಳಗಿನ ಒಂದು ಪಾಠವನ್ನೂ ಅವಳು ತಪ್ಪಿಸಿರಲಿಲ್ಲ. ವಾಡೆಯ ನಲ್ಲಿಯ ಹತ್ತಿರ ಕೇಳಿದೆ.

"ಚಂದ್ರಕ್ಕ, ಮುಂಜಾನೆ ದಿನಾ ಇರ್ತೀರಿ. ಮಧ್ಯಾಹ್ನಷ್ಟ ಯಾಕ ಇರೂದಿಲ್ಲ?"

"ನಿಮ್ಮ ವಹಿಯೊಳಗ ಅದಕ್ಕೂ ಗೆರಿ ಎಳದು ಒಂದು ಮನಿ ಹಾಕಿರಬೇಕಲ್ರಿ," ಎಂದಳು. "ತುಂಬಿಕೊಳ್ರಿ." ಕೊಡ ಎತ್ತಿಕೊಂಡು ಒಳಗೆ ಹೋದಳು.

ಅಕ್ಕಿ ಆರಿಸುತ್ತ ಕೂತಿದ್ದ ಕಾಕು ತಲೆಯೆತ್ತದೆ ಹೇಳಿದರು: "ಏ ಹುಚ್ಚಪ್ಪಾ, ಎಲ್ಲಾ ಎಣಸ್ತಿ, ಬುದ್ಧಿ ಎಲ್ಲಿ ಇಟ್ಟು ಮರ್ತಿ? ಆಕಿ ಏಳಕ್ಕ ಮನಿ ಬಿಡ್ತಾಳ. ಹನಿ ನೀರು ಬಾಯಾಗ ಹಾಕ್ಕೊಳ್ಳೂದಿಲ್ಲ. ಹನ್ನೆರಡರ ತನಕಾ ತಡಕೊಂಡು ಮನಿಗೆ ಓಡಿ ಬರ್ತಾಳ. ವಾಪಸ್ ಹೋಗೂದ್ರಾಗ ನಿಮ್ಮ ಬಾಗಿಲಾ ಹಾಕಿರ್ತದ. ಆ ದೊಡ್ಡ ಕಾಲೇಜಿನ್ಯಾಗ ಹೆಣ್ಣಮಕ್ಕಳಿಗೆ ಹೊರಗ ಹೋಗೂ ಸೋಯ, ಒಂದು ಜಾಗಾ, ಎಲ್ಲೆದ? ನಿಮಗೇನಪ್ಪಾ, ಗಂಡಸ್ರು. ಗಿಡದ ಮರಿಗೆ ನಿಂತ್ರ ಮುಗೀತು."

ಆ ಕಾಲೇಜಿನಲ್ಲಿ ನಾನು ಎರಡು ವರ್ಷ ಕಳೆದಿದ್ದೆ. ಅಂಗಳದ ಬೇವಿನ ಮರಗಳನ್ನೂ ಎಣಿಸಿದ್ದೆ. ಇಲ್ಲದ್ದನ್ನು ಎಣಿಸುವುದು ಹೇಗೆಂಬುದು ಮಾತ್ರ ನನಗೆ ಹೊಳೆದಿರಲಿಲ್ಲ.

ಇದಕ್ಕೆ ಅರ್ಜಿ ಬರೆಯಬೇಕು ಎಂದು ನಾನೇ ಮುಂದೆ ಬಂದೆ. ಎದುರಿಗೆ ನಿಘಂಟು ಇಟ್ಟುಕೊಂಡು ಮೂರು ಸಂಜೆ ಕೂತು, ಪ್ರಿನ್ಸಿಪಾಲರಿಗೆ ಇಂಗ್ಲಿಷಿನಲ್ಲಿ ಬರೆದೆ. ಆ ಶಬ್ದವನ್ನು ಬಾಯಲ್ಲಿ ಆಡಬಾರದು ಎಂಬ ಮನೆಯಲ್ಲಿ ಬೆಳೆದವನು ನಾನು. ನಮ್ಮ ಕಡೆ ಮರ್ಯಾದಸ್ಥರು 'ಹೊರಗೆ ಹೋಗುವುದು' ಎನ್ನುತ್ತಾರೆ, ಕೇಳಿದವರು ತಿಳಿದುಕೊಳ್ಳುತ್ತಾರೆ. ಅದನ್ನೇ ಶಬ್ದಕ್ಕೆ ಶಬ್ದ ಇಟ್ಟು ಬರೆದೆ: ಮಹಿಳಾ ವಿದ್ಯಾರ್ಥಿಗಳಿಗೆ ಮಧ್ಯಾಹ್ನದ ಹೊತ್ತು ಹೊರಗೆ ಹೋಗಲು ತಕ್ಕ ಅನುಕೂಲ ಮಾಡಿಕೊಡಬೇಕಾಗಿ ವಿನಂತಿ. ಚಂದ್ರಕ್ಕ ಓದಿ, "ಭಾಳ ಛಲೋ ಬರದೀರಿ," ಎಂದು ಸಹಿ ಮಾಡಿದಳು. ಅವಳೂ ನನ್ನಂಥ ಮನೆಯಲ್ಲೇ ಬೆಳೆದವಳು.

ಎಂಟನೆಯ ದಿನ ಉತ್ತರ ಬಂತು. ಮಹಿಳಾ ವಿದ್ಯಾರ್ಥಿಗಳು ಹೊರಗೆ ಹೋಗುವುದಕ್ಕೆ ಕಾಲೇಜಿನ ಅಭ್ಯಂತರವೇನೂ ಇಲ್ಲ. ಆದರೆ ಪಾಲಕರ ಒಪ್ಪಿಗೆಪತ್ರ ತರಬೇಕು, ಜೊತೆಗೆ ಹಿರಿಯರೊಬ್ಬರಿರಬೇಕು, ಕತ್ತಲಾಗುವ ಮೊದಲು ಮರಳಬೇಕು.

ಕಾಕುವಿಗೆ ಇದನ್ನು ಕನ್ನಡದಲ್ಲಿ ಹೇಳಿದೆ. ಅವರು ಮೊರ ಪಕ್ಕಕ್ಕಿಟ್ಟು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನಕ್ಕರು. "ಕತ್ತಲಾಗೂ ತನಕಾ ಅಲ್ಲೇ ಯಾರು ಕೂಡ್ತಾರೋ ಮಾರಾಯಾ," ಎಂದರು. ಮುಂದೆ ಒಂದು ತಿಂಗಳು ನಾನು ವಾಡೆಯ ಮೆಟ್ಟಿಲಿಳಿದಾಗಲೆಲ್ಲ, "ಒಪ್ಪಿಗಿಪತ್ರ ತಗೊಂಡೀ ಇಲ್ಲೋ?" ಎಂದು ಯಾರಾದರೂ ಕೇಳುತ್ತಿದ್ದರು.

ದೀಪಾವಳಿಯ ರಜೆಗೆ ಎರಡು ವಾರವಿದೆ ಎನ್ನುವಾಗ ನಗೆ ನಿಂತಿತು. ಹಾಜರಿ ಸಾಲದೆ ಟರ್ಮ್ ಕಳೆದುಕೊಂಡವರ ಹೆಸರುಗಳನ್ನು ಹಲಗೆಗೆ ಅಂಟಿಸಿದರು. ಟರ್ಮ್ ಹೋಯಿತೆಂದರೆ ಪರೀಕ್ಷೆ ಇಲ್ಲ, ಪರೀಕ್ಷೆ ಇಲ್ಲವೆಂದರೆ ವರ್ಷ ಕೆಟ್ಟಂತೆ. ಮೊದಲ ಹೆಸರೇ ಚಂದ್ರಕ್ಕನದು. ಅವಳು ಓದಿದಳು, ನೋಟುಪುಸ್ತಕ ಎದೆಗವಚಿಕೊಂಡಳು, "ಬರ್ರಿ ನನ್ನ ಜೋಡಿ," ಎಂದು ಪ್ರಿನ್ಸಿಪಾಲರ ಕೋಣೆಯತ್ತ ನಡೆದಳು. ಮರಾಠಿ ತಡವರಿಸಿದರೆ ನೆರವಾಗಲೆಂದು ನನ್ನನ್ನು ಕರೆದದ್ದು. ಹಿಂದಿನ ನೆರವು ಅವಳಿಗೆ ಮರೆತಿತ್ತೋ ಏನೋ.

ಪ್ರಿನ್ಸಿಪಾಲರು ಮರಾಠಿಯವರು, ವಯಸ್ಸಾದವರು, ಒಳ್ಳೆಯವರು. ಸ್ತ್ರೀಶಿಕ್ಷಣದ ಮೇಲೆ ಅವರು ಮಾಡಿದ ಭಾಷಣಗಳಲ್ಲಿ ನಾಲ್ಕನ್ನು ನಾನೇ ಕೇಳಿದ್ದೆ. ಪಕ್ಕದಲ್ಲಿ ಹೆಡ್ ಕ್ಲಾರ್ಕರು ನಿಂತಿದ್ದರು. ಅವರು ಸೊಲ್ಲಾಪುರದವರು, ಕನ್ನಡ ಬಲ್ಲವರು. ಹೊರಗೆ ಹೋಗಲು ಪರವಾನಗಿ ಕೊಟ್ಟೆವಲ್ಲ, ಆದರೂ ಹಾಜರಿ ಯಾಕೆ ಸಾಲಲಿಲ್ಲ ಎಂದು ಪ್ರಿನ್ಸಿಪಾಲರು ಬೇಸರದಿಂದಲೇ ಕೇಳಿದರು. ನಾನು ಬಾಯಿ ತೆರೆದೆ. 'ಅದು, ಅಂದರೆ, ಆ ಹೊರಗೆ' ಎನ್ನುವಷ್ಟರಲ್ಲಿ ಚಂದ್ರಕ್ಕ ನನ್ನನ್ನು ದಾಟಿ ಒಂದು ಹೆಜ್ಜೆ ಮುಂದೆ ಬಂದಳು.

"ಸಾಹೇಬ," ಎಂದಳು, "ಇಥೇ ಸಂಡಾಸ ನಾಹೀ."

ಅಷ್ಟೇ. ಇಲ್ಲಿ ಕಕ್ಕಸು ಇಲ್ಲ. ನಾನು ಗೋಡೆಯ ಮೇಲಿನ ಗಡಿಯಾರ ನೋಡಿದೆ. ಹೆಡ್ ಕ್ಲಾರ್ಕರು ಕಿಟಕಿ ನೋಡಿದರು. ಪ್ರಿನ್ಸಿಪಾಲರು ಮಾತ್ರ ಅವಳನ್ನೇ ನೋಡಿದರು. ನೋಡುತ್ತ ನೋಡುತ್ತ ಅವರಿಗೆ ನನ್ನ ಅರ್ಜಿ ಅರ್ಥವಾಯಿತು, ಕುಸಿದುಬಿದ್ದ ದಿನ ಅರ್ಥವಾಯಿತು.

"ಯಾವಾಗಿನಿಂದ ಇಲ್ಲ?" ಎಂದು ಮರಾಠಿಯಲ್ಲಿ ಕೇಳಿದರು.

"ಎಂದೂ ಇರಲಿಲ್ಲ ಸಾಹೇಬ," ಎಂದರು ಹೆಡ್ ಕ್ಲಾರ್ಕರು, ಕಿಟಕಿಗೆ.

ಪ್ರಿನ್ಸಿಪಾಲರು ಎದ್ದು ಪಗಡಿ ಇಟ್ಟುಕೊಂಡು, ಕೊಡೆ ಹಿಡಿದು ಹಿಂದಿನ ಅಂಗಳಕ್ಕೆ ನಡೆದರು. ಕೊಡೆಯ ತುದಿಯಿಂದ ಮಣ್ಣಿನಲ್ಲಿ ಒಂದು ಚೌಕ ಗೀರಿದರು. ಭಾಷಣ ಮಾಡಲಿಲ್ಲ. ತಪ್ಪಿದ ಪ್ರಾಕ್ಟಿಕಲ್ಲುಗಳನ್ನು ಚಂದ್ರಕ್ಕ ರಜೆಯಲ್ಲಿ ಮಾಡಿ ಮುಗಿಸಿದರೆ ಟರ್ಮ್ ಕೊಡುವುದೆಂದು ಅಲ್ಲಿಯೇ ಹೇಳಿದರು. ರಜೆಯಲ್ಲಿ ಪ್ರಯೋಗಶಾಲೆಯೊಳಗೆ ಅವಳು, ಹೊರಗೆ ಗೌಂಡಿಗಳು, ಒಟ್ಟಿಗೇ ಕೆಲಸ ಮಾಡಿದರು. ಇಬ್ಬರದೂ ಒಂದೇ ವಾರ ಮುಗಿಯಿತು.

ಇಲ್ಲಿಗೆ ಕಥೆ ಮುಗಿಯಿತೆಂದು ನಾನೂ ಅಂದುಕೊಂಡಿದ್ದೆ. ಕಾಲೇಜು ಮತ್ತೆ ತೆರೆದ ದಿನ ಆ ಬಾಗಿಲಿಗೆ ಅಂಗೈಯಗಲದ ಬೀಗ ನೇತಾಡುತ್ತಿತ್ತು. ಕೀಲಿ ಹೆಡ್ ಕ್ಲಾರ್ಕರ ಮೇಜಿನ ಖಾನೆಯಲ್ಲಿ. ಬೇಕಾದವರು ಹೋಗಿ ಕೇಳಬೇಕು. ಅವರ ಮೇಜಿನ ಮುಂದೆ ಫೀ ಕಟ್ಟುವ ಹುಡುಗರ ಸಾಲು ಯಾವಾಗಲೂ ಇರುತ್ತಿತ್ತು. ಚಂದ್ರಕ್ಕ ಆ ಸಾಲಿನ ಹಿಂದೆ ಸ್ವಲ್ಪ ಹೊತ್ತು ನಿಂತಳು, ನಂತರ ನೇರ ಪ್ರಿನ್ಸಿಪಾಲರ ಕೋಣೆಗೆ ಹೋದಳು. ಹೆಡ್ ಕ್ಲಾರ್ಕರು ಹಿಂದೆಯೇ ಓಡಿದರು. ಅವರ ಹಿಂದೆ ನಾನು.

"ಕೀಲಿ ಹೊರಗ ಬ್ಯಾಡ್ರಿ," ಎಂದಳು. ಸಿಟ್ಟು ಬಂದಾಗ ಅವಳಿಗೆ ಮರಾಠಿ ಬರುತ್ತಿರಲಿಲ್ಲ. "ಚಿಲಕ ಒಳಗ ಬೇಕು."

"ಏನವ್ವಾ, ಬಾಗಿಲಾ ತಗದಿಟ್ರ ಯಾರ ಬೇಕಾದವರು ಹೋಗ್ತಾರ," ಎಂದರು ಹೆಡ್ ಕ್ಲಾರ್ಕರು. "ನಾಳೆ ಕಸಾ ಹೊಡಿಯೂ ಸಖೂಬಾಯಿನೂ ಹೋಗ್ತಾಳ."

"ಹೋಗ್ಲಿ ಬಿಡ್ರಿ. ಅದನ್ನ ತೊಳಿಯಾಕಿನೂ ಆಕಿನ. ತೊಳ್ಯಾಕ ಆಕಿ ಕೈ ನಡೀತದ, ಒಳಗ ಇಡ್ಲಿಕ್ಕೆ ಆಕಿ ಕಾಲು ನಡಿಯೂದಿಲ್ಲೇನ್ರಿ?"

ಹುಡುಗಿ ಏನೆಂದಳು ಎಂದು ಪ್ರಿನ್ಸಿಪಾಲರು ಕೇಳಿದರು. ಕೇಳಿದ್ದು, ಎರಡೂ ಭಾಷೆ ನನಗಿಂತ ಚೆನ್ನಾಗಿ ಬಲ್ಲ ಹೆಡ್ ಕ್ಲಾರ್ಕರನ್ನು. ತಮಗೆ ಬಿದ್ದ ಮಾತನ್ನು ತಾವೇ, ಒಂದು ಶಬ್ದ ಬಿಡದೆ, ಮರಾಠಿಗೆ ತಿರುಗಿಸಿ ಹೇಳಬೇಕಾಯಿತು. ಹೇಳಿದರು. ಇದಕ್ಕಾಗಿ ಅವರನ್ನು ನಾನು ಇಂದಿಗೂ ಗೌರವಿಸುತ್ತೇನೆ. ಅರ್ಜಿಯಲ್ಲಿ ನಾನು ಮಾಡಿದ ಅನುವಾದಕ್ಕಿಂತ ಅವರದು ಎಷ್ಟೋ ಮೇಲಾಗಿತ್ತು. ಪ್ರಿನ್ಸಿಪಾಲರು ಕೈ ಚಾಚಿದರು. ಹೆಡ್ ಕ್ಲಾರ್ಕರು ಕೀಲಿ ಕೊಟ್ಟರು. ಅದು ಪ್ರಿನ್ಸಿಪಾಲರ ಕೋಟಿನ ಕಿಸೆ ಸೇರಿತು, ಮತ್ತೆ ಹೊರಗೆ ಬರಲಿಲ್ಲ. ಅದೇ ಸಂಜೆ ಬಡಿಗ ಬಂದು ಬಾಗಿಲ ಒಳಮೈಗೆ ಹಿತ್ತಾಳೆಯ ಚಿಲಕ ಜಡಿದ.

ಮರುದಿನ ಹನ್ನೊಂದು ಗಂಟೆಗೆ, ಪಾಠದ ನಡುವಿನ ಬಿಡುವಿನಲ್ಲಿ, ಚಂದ್ರಕ್ಕ ವರಾಂಡದ ನೀರಿನ ಮಡಕೆಯ ಹತ್ತಿರ ಹೋಗಿ ಒಂದು ಲೋಟ ತುಂಬಿಕೊಂಡು ನಿಧಾನವಾಗಿ ಕುಡಿದಳು. ಮತ್ತೊಂದು ತುಂಬಿಕೊಂಡಳು. ಅಷ್ಟು ಲೆಕ್ಕ ಬರೆಯುವ ನಾನು ಆ ದಿನದ ಪುಟದಲ್ಲಿ ಬರೆದದ್ದು ಒಂದೇ ಸಾಲು: 'ಚಂ. ನೀರು ಕುಡಿದರು.'

ಅವಳು ಪಾಸಾದಳು. ನನಗಿಂತ ಮೇಲೆ ಪಾಸಾದಳು ಎಂದೂ ಬರೆದುಬಿಡುತ್ತೇನೆ, ಇಲ್ಲವಾದರೆ ಕಾಕು ಬರೆಸುತ್ತಾರೆ. ಮರುವರ್ಷ ನಮ್ಮ ತರಗತಿಯ ಕೋಣೆಗೆ ಮೂವರು ಹುಡುಗಿಯರು ಬಂದರು. ಸಖೂಬಾಯಿ ಮಧ್ಯಾಹ್ನ ಪೊರಕೆಯನ್ನು ಹೊರಗೆ ಗೋಡೆಗೆ ಆನಿಸಿ ಒಳಗೆ ಹೋಗುತ್ತಿದ್ದಳು. ಪೊರಕೆ ಕಂಡರೆ ಒಳಗೆ ಅವಳಿದ್ದಾಳೆಂದು ಹುಡುಗಿಯರು ತುಸು ದೂರ ನಿಂತು ತಮ್ಮ ಸರದಿಗೆ ಕಾಯುತ್ತಿದ್ದರು. ಖಟ್ ಎಂಬ ಸದ್ದು ವರಾಂಡದವರೆಗೂ ಕೇಳುತ್ತಿತ್ತು.

ಈಗ ಚಂದ್ರಕ್ಕ ಬೆಳಗಾವಿಯಲ್ಲಿ ಹುಡುಗಿಯರ ಶಾಲೆಯ ಮುಖ್ಯ ಉಪಾಧ್ಯಾಯಿನಿ. ಹೋದ ವಾರ ಕಾಗದ ಬಂತು: "ನಮ್ಮ ಸಾಲಿಗೆ ನಾಕು ಕಟ್ಟಸ್ತೀವಿ. ಉಳಿದ ಎಂಟು ಸುತ್ತಲಿನ ಊರಿನ ಸಾಲಿಗೊಳಿಗೆ. ಚಿಲಕ ಪುಣೇದ್ದ ಇರ್ಲಿ, ಆ ಸಪ್ಪಳ ನಮ್ಮ ಹುಡಿಗ್ಯಾರೂ ಕೇಳ್ಲಿ. ಒಳಗ ಒಂದೊಂದು ಗೂಟಾನೂ ಹೊಡಸ್ತೀನಿ. ಅರ್ಜಿ ಮಾತ್ರ ನೀವು ಬರೀಬ್ಯಾಡ್ರಿ."

ಗೂಟದ ವಿಷಯ ಓದಿದ ಮೇಲೆಯೇ ಇದನ್ನು ಬರೆಯಲು ಕೂತದ್ದು. ಕೋಣೆ ತೆರೆದ ಎರಡನೆಯ ವಾರ ಒಳಗೋಡೆಯಲ್ಲಿ, ಪುಸ್ತಕದ ಚೀಲ ನೇತುಹಾಕಲು ಹದವಾದ ಎತ್ತರಕ್ಕೆ, ಒಂದು ಮರದ ಗೂಟ ಬಂದಿತ್ತಂತೆ. ಹೊಡೆದವರು ಯಾರೆಂದು ಗೊತ್ತಾಗಲಿಲ್ಲ. ಬಡಿಗ ನಾನಲ್ಲ ಎಂದ. ಸಖೂಬಾಯಿ ಕೇಳಿದರೆ ನಗುತ್ತಿದ್ದಳು. ಹೆಡ್ ಕ್ಲಾರ್ಕರ ಹೆಬ್ಬೆರಳಿಗೆ ಆ ವಾರ ಬಟ್ಟೆ ಕಟ್ಟಿತ್ತೆಂದು ನನ್ನ ದಿನಚರಿಯಲ್ಲಿದೆ. ಅದಕ್ಕೂ ಇದಕ್ಕೂ ಸಂಬಂಧವಿದೆ ಎಂದು ಹೇಳುವ ಧೈರ್ಯ ನನಗಿಲ್ಲ.

ತಕರಾರು ತೆಗೆದ ಹನ್ನೆರಡನೆಯ ಚಿಲಕಕ್ಕೆ ಎರಡು ಹನಿ ಎಣ್ಣೆ ಬಿಟ್ಟೆ. ಈಗ ಅದೂ ಖಟ್ ಎಂದಿತು. ಪಾರ್ಸಲ್ ಕಟ್ಟುತ್ತೇನೆ. ಆ ಗೂಟ ಹೊಡೆದವರನ್ನು ಬಲ್ಲವರು ಇದನ್ನು ಓದುವ ನಿಮ್ಮಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಒಂದು ಕಾರ್ಡು ಹಾಕಿ. ನಿಮ್ಮ ಊರಿನ ಕಾಲೇಜಿನಲ್ಲಿ ಅಂಥ ಕೋಣೆ ಇದೆಯೋ ಇಲ್ಲವೋ, ಇದ್ದರೆ ಚಿಲಕ ಯಾವ ಕಡೆಗಿದೆ, ಅದನ್ನೂ ತಿಳಿಸಿ. ಒಂದೇ ವಿನಂತಿ: ಸುತ್ತಿ ಬಳಸಬೇಡಿ, ಆ ಶಬ್ದವನ್ನೇ ಬರೆಯಿರಿ.